ಹಿಂದಿನ ಸಾಲಿನ ಮೈಕು

ವಿಧಾನಸಭೆಯ ಕೊನೆಯ ಸಾಲಿನಲ್ಲಿ ಒಂದು ಮೇಜು, ಅದರ ಮೇಲೊಂದು ಮೈಕು. ಅಲ್ಲಿ ಕೂರುವ ಶಾಸಕರೊಬ್ಬರು ತಮ್ಮ ಪಕ್ಷದ ನಾಯಕರು ಮಾತಾಡಿದಾಗಲೆಲ್ಲ ಮೇಜು ಕುಟ್ಟುತ್ತಿದ್ದರು, ಮಸೂದೆ ಮತಕ್ಕೆ ಬಂದಾಗ ಎಲ್ಲರೊಡನೆ "ಹೌದು" ಎನ್ನುತ್ತಿದ್ದರು. ಮೈಕನ್ನು ಮಾತ್ರ ಮುಟ್ಟಿದವರಲ್ಲ.

"ದುಡಿದದ್ದೆಲ್ಲ ನಾನು, ನೀನು ಸುಮ್ಮನೆ ನಿಂತೆ," ಎಂದಿತು ಮೇಜು.

"ಒಂದು ದಿನ ಮಾತಾಡುತ್ತಾರೆ," ಎಂದಿತು ಮೈಕು.

ಅವಧಿಯ ಕೊನೆಯ ದಿನ ಶಾಸಕರು ಎದ್ದರು. ಮೈಕಿನ ಕೆಂಪು ದೀಪ ಹೊತ್ತಿತು.

"ಮಾನ್ಯ ಸಭಾಧ್ಯಕ್ಷರೇ, ನಮ್ಮೂರ ಹೊಳೆಗೆ ಒಂದು ಸೇತುವೆ..."

ಪಕ್ಷದ ಸಚೇತಕರು ತಿರುಗಿ ದುರುಗುಟ್ಟಿ ನೋಡಿದರು. ನಾಯಕರು ಎದ್ದು ಬೇರೆ ಮಾತೆತ್ತಿದರು. ಶಾಸಕರು ಕೂತು ಮೇಜು ಕುಟ್ಟಿದರು.

"ನೋಡಿದೆಯಾ, ಕೊನೆಗೂ ನನ್ನ ಹತ್ತಿರವೇ ಬಂದರು!" ಎಂದಿತು ಮೇಜು.

"ಬಂದದ್ದು ಕೈ," ಎಂದಿತು ಮೈಕು. "ಬಾಯಿ ನನ್ನ ಹತ್ತಿರವೇ ಇತ್ತು. ದೀಪ ಆರಿದ ಮೇಲೂ 'ಸೇತುವೆ, ಸೇತುವೆ' ಅನ್ನುತ್ತಲೇ ಇತ್ತು."