ಹಂದಿಗಳನ್ನೂ ಕರೆದ ಕಾಡುಕೋಳಿ

ಮಕ್ಕಳೇ, ಬಿದಿರುಕಾಡಿನ ನಡುವೆ ಒಂದು ಕೊಳವಿತ್ತು. ಬೆಳಗಾದರೆ ಸಾಕು, ಕಾಡೆಮ್ಮೆಗಳು ಅದಕ್ಕೆ ಇಳಿದು ಸಂಜೆಯವರೆಗೂ ಹೊರಳಾಡುತ್ತಿದ್ದವು. ಉಳಿದವರಿಗೆ ಸಿಗುತ್ತಿದ್ದದ್ದು ಬರೀ ಕೆಸರು. ಎಮ್ಮೆಗಳಿಗೆ ಹೇಳಿ ಹೇಳಿ ಎಲ್ಲರಿಗೂ ಸಾಕಾಗಿತ್ತು.

ಕೊನೆಗೆ ಕೆಂಜುಟ್ಟನೆಂಬ ಕಾಡುಕೋಳಿ ಹುಂಜ ಮರವೇರಿ ಕೂಗಿದ. "ನಾಳೆ ಬೆಳಿಗ್ಗೆ ಎಲ್ಲರೂ ಕೊಳದ ಹತ್ರ ಬನ್ನಿ. ಎಮ್ಮೆಗಳು ಏಳೋವರೆಗೂ ಕೂರೋಣ."

ದಂಡೆಯ ಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿದ್ದಳು. ಅವಳಿಗೆ ನೆಲವೇ ಗೂಡು.

"ನಾನೂ ಬರ್ತೀನಿ ಅಣ್ಣಾ. ಆದ್ರೆ ಮೊಟ್ಟೆ?" ಎಂದಳು.

"ಬಾ ತಂಗಿ. ಆ ಕಡೆ ಯಾರೂ ಕಾಲಿಡದ ಹಾಗೆ ನಾನು ನೋಡ್ಕೋತೀನಿ."

ಸಂಜೆ ನೋಡಿದರೆ, ಬರುತ್ತೇವೆ ಅಂದವರು ನಾಲ್ಕಾರು ಮೊಲ, ಎರಡು ಜಿಂಕೆ, ಒಂದಿಷ್ಟು ಅಳಿಲು. ಇಷ್ಟು ಜನರನ್ನು ಕಂಡು ಯಾವ ಎಮ್ಮೆ ಏಳುತ್ತದೆ? ಕೆಂಜುಟ್ಟ ನೇರ ಕಾಡುಹಂದಿಗಳ ಬಳಿ ಹೋದ.

"ನಾವು ಬಂದ್ರೆ ಸುಮ್ನೆ ಕೂರೋದಿಲ್ಲಪ್ಪ, ನೆಲ ಅಗೀತೀವಿ" ಎಂದಿತು ಹಿರಿಯ ಹಂದಿ.

"ಅಗೀರಿ, ಅಗೀರಿ. ಎಮ್ಮೆಗಳಿಗೂ ಸ್ವಲ್ಪ ಹೆದರಿಕೆ ಆಗ್ಲಿ."

ಮರುದಿನ ಎಲ್ಲರೂ ಬಂದು ಕೂತರು. ಎಮ್ಮೆಗಳು ಕ್ಯಾರೇ ಅನ್ನಲಿಲ್ಲ. ಕೂತು ಬೇಸರವಾದ ಹಂದಿಗಳು ಜೊಂಡಿನ ಗಡ್ಡೆಗಾಗಿ ದಂಡೆಯನ್ನೆಲ್ಲ ಅಗೆದುಹಾಕಿದವು. ಎಮ್ಮೆಗಳ ಮೇಲೇ ಕಣ್ಣಿಟ್ಟಿದ್ದ ಕೆಂಜುಟ್ಟ ಅತ್ತ ನೋಡಲೇ ಇಲ್ಲ. ಟಿಟ್ಟಿಭ ಕಿರುಚುತ್ತ ಹಾರಿ ಬರುವಷ್ಟರಲ್ಲಿ ಮೂರು ಮೊಟ್ಟೆ ಒಡೆದುಹೋಗಿದ್ದವು.

ನ್ಯಾಯ ಆಮೆಯಜ್ಜಿಯ ಮುಂದೆ ಬಂತು. ಇಂಥ ಜಗಳ ಎಷ್ಟು ಕೇಳಿದ್ದಳೋ, ಅಜ್ಜಿ ಚಿಪ್ಪಿನಿಂದ ತಲೆ ಹೊರಹಾಕುವುದಕ್ಕೇ ಹೊತ್ತು ಹಿಡಿಯಿತು. ಹಿರಿಯ ಹಂದಿ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿತು. ಹಂದಿಗಳೇ ದಂಡೆ ಸರಿಮಾಡಬೇಕೆಂದು ಹೇಳಿ, ಅಜ್ಜಿ ಕೆಂಜುಟ್ಟನ ಕಡೆ ತಿರುಗಿದಳು.

"ನಾನು ಒಂದು ಕಲ್ಲನ್ನೂ ಕದಲಿಸಿಲ್ಲ ಅಜ್ಜಿ. ಬಂದೋರು ಮಾಡಿದ್ದಕ್ಕೆ ನಾನೇನು ಮಾಡ್ಲಿ?"

"ಎಲ್ಲಿಂದಲೋ ಕೋತಿ ನುಗ್ಗಿ ಹಾಳುಮಾಡಿದ್ರೆ ನಿನ್ನ ಕೇಳ್ತಿರಲಿಲ್ಲ ಮಗಾ. ಇವು ಅಗೀತೀವಿ ಅಂತ ಮೊದಲೇ ಹೇಳಿದ್ವು. ನೀನು ಅಗೀರಿ ಅಂದೆ."

ಟಿಟ್ಟಿಭ ಮೆಲ್ಲಗೆ ಹೇಳಿದಳು, "ನೀನು ನೋಡ್ಕೋತೀನಿ ಅಂದಿದ್ದಕ್ಕೇ ಅಣ್ಣಾ, ನಾನು ಮೊಟ್ಟೆ ಬಿಟ್ಟು ಎದ್ದು ಬಂದಿದ್ದು."

ಉಳಿದ ಒಂದು ಮೊಟ್ಟೆ ಮರಿಯಾಗುವವರೆಗೆ ಹುಂಜ ಅಲ್ಲೇ ಕಾವಲಿರಬೇಕೆಂದು ಅಜ್ಜಿ ಹೇಳಿದಳು. ಎಮ್ಮೆಗಳು ಕೊಳದಲ್ಲೇ ಇದ್ದವು. ಅವುಗಳನ್ನು ಎಬ್ಬಿಸುವ ಮಾತನ್ನು ಈಗ ಯಾರೂ ಆಡುತ್ತಿರಲಿಲ್ಲ. ಕಾಡಿಗೆ ಕಾಡನ್ನೇ ಕೂಗಿ ಕರೆದ ಕೆಂಜುಟ್ಟ ದಿನವಿಡೀ ಬಿಸಿಲಲ್ಲಿ ನಿಂತು, ಹಾದುಹೋಗುವವರಿಗೆಲ್ಲ ಸಣ್ಣ ದನಿಯಲ್ಲಿ ಹೇಳುತ್ತಿದ್ದ: "ಈ ಕಡೆ ಬರಬೇಡಿ, ಮೊಟ್ಟೆ ಇದೆ."

ನೀತಿ: ನ್ಯಾಯ ಕೇಳಲು ಹತ್ತು ಜನರನ್ನು ಕರೆಯುವುದು ತಪ್ಪಲ್ಲ; ಆದರೆ ಹಾಳುಮಾಡುತ್ತಾರೆಂದು ಗೊತ್ತಿದ್ದೂ ಕರೆದರೆ, ಆದ ಹಾನಿಗೆ ಕರೆದವರೂ ಹೊಣೆ.