ಮತ್ತೆ ಮೊದಲನೆಯ ಎಳೆಯಿಂದ

"ಗಿರಾಕಿ ಇಲ್ಲದ ದಿನ ನೆಟ್ಟಗಿರುತ್ತಾನೆ. ಬಾಗಿಲಲ್ಲಿ ಸಾಲು ನಿಂತ ದಿನ ಅವನ ಚೇಷ್ಟೆ ಶುರುವಾಗುತ್ತದೆ. ಗುರುಗಳೇ, ಕೆಲಸ ನೋಡಿಕೊಂಡು ಬರುವ ಇದು ರೋಗವೋ, ಮೈಗಳ್ಳತನವೋ?"

ಕೇಳಿದವನು ಅಡಿವೆಪ್ಪ. ಅವನದು ಹಿಟ್ಟಿನ ಗಿರಣಿ. ಅವನು ಹೇಳುತ್ತಿದ್ದದ್ದು ತಮ್ಮ ಈರಸಂಗನ ವಿಷಯ. ಬೀಸಿದ ಹಿಟ್ಟಿನಲ್ಲಿ ಗಾಜಿನ ಚೂರು ಬಿದ್ದಿರಬಹುದು, ಅದನ್ನು ತಿಂದು ಯಾರದೋ ಮನೆಯ ಮಗು ಸಾಯಬಹುದು ಎಂಬುದು ಈರಸಂಗನ ಭಯ. ಗಿರಣಿಯಲ್ಲಿ ಗಾಜು ಇರಲೇ ಇಲ್ಲ. ಆದರೂ ಅವನು ಡಬ್ಬಿಯೊಳಗೆ ಕೈ ಹಾಕಿ ಹಿಟ್ಟನ್ನು ಬೆರಳಿನಿಂದ ತಿಕ್ಕಿ ನೋಡುತ್ತಿದ್ದ, ಜರಡಿ ಹಿಡಿಯುತ್ತಿದ್ದ, ಅಣ್ಣನನ್ನು ಕರೆದು ತೋರಿಸಿ, ಗಾಜು ಇಲ್ಲ ತಾನೇ ಎಂದು ಕೇಳುತ್ತಿದ್ದ. ಬೇಸಿಗೆಯಲ್ಲಿ ಒಂದು ಸಲ ನೋಡಿ ಕೊಟ್ಟುಬಿಡುವವನು ಹಬ್ಬದ ವಾರ ಬಂತೆಂದರೆ ಒಂದೇ ಡಬ್ಬಿಯ ಮುಂದೆ ಅರ್ಧ ಗಂಟೆ ನಿಲ್ಲುತ್ತಿದ್ದ. ಅಡಿವೆಪ್ಪ ಬೆನ್ನ ಹಿಂದೆ ನಿಂತು ಕೂಗುತ್ತಿದ್ದ. ಜನ ಬೈದು ಪಕ್ಕದ ಬೀದಿಯ ಗಿರಣಿಗೆ ಹೋಗುತ್ತಿದ್ದರು. ಬರುವ ಸೋಮವಾರದಿಂದ ಈರಸಂಗ ಗಿರಣಿಗೆ ಕಾಲಿಡಕೂಡದು ಎಂದು ಅಡಿವೆಪ್ಪ ತೀರ್ಮಾನಿಸಿ ಆಗಿತ್ತು. ಅದಕ್ಕೆ ಗುರುಗಳ ಒಪ್ಪಿಗೆ ಬೇಕಿತ್ತು, ಅಷ್ಟೇ.

ಗುರುಗಳು ಮಠಕ್ಕೆ ಬರುವ ಮೊದಲು ಮೂವತ್ತು ವರ್ಷ ಜವಳಿ ವ್ಯಾಪಾರ ಮಾಡಿದವರು. ಅವರಿಗೆ ಸಿಟ್ಟು ಬೇಗ ಬರುತ್ತಿತ್ತು, ನಿಧಾನ ಹೋಗುತ್ತಿತ್ತು. ಮೈಗಳ್ಳತನ ಎಂಬ ಮಾತಿಗೆ ಅವರ ಮುಖ ಬಿಗಿಯಿತು. ಮೈಗಳ್ಳನನ್ನು ನೀನು ನೋಡಿಲ್ಲ, ಅವನು ಹೀಗೆ ಬೆವರುವುದಿಲ್ಲ ಎಂದರು. ಕುಳಿತುಕೋ ಎಂದು ಹೇಳಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಊರಿನ ಹತ್ತಾರು ಮನೆಗಳಲ್ಲಿ ಅವನ ಮಗ್ಗಗಳಿದ್ದವು. ನೂಲು ಅವನದು, ಮಗ್ಗ ಅವನದು, ಕೈ ಮಾತ್ರ ನೇಕಾರನದು. ಆ ನೇಕಾರರಲ್ಲಿ ಒಬ್ಬನ ಕೈಗೆ ಸಾಟಿ ಇರಲಿಲ್ಲ.

ಆ ಊರಿನ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ನೇಯುವ ಮೊದಲು ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಸೇರಿಸಬೇಕು. ಒಂದು ಸೀರೆಗೆ ಸಾವಿರಾರು ಕೊಂಡಿ. ಸೇರಿಸಿ ಮುಗಿದ ಮೇಲೆ ನೇಕಾರ ಅವುಗಳ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ ಮಗ್ಗಕ್ಕೆ ಕೂರುತ್ತಾನೆ. ಅದು ಕಸುಬಿನ ಪದ್ಧತಿ. ಎಲ್ಲರೂ ಮಾಡುತ್ತಿದ್ದರು, ಇವನೂ ಮಾಡುತ್ತಿದ್ದ.

ಆದರೆ ಇವನ ಬೆರಳು ಒಮ್ಮೆಗೆ ನಿಲ್ಲುತ್ತಿರಲಿಲ್ಲ. ಮನೆ ತಣ್ಣಗಿದ್ದಾಗ ಒಂದು ಸಲ, ಹೆಚ್ಚೆಂದರೆ ಎರಡು. ತಾಯಿ ಹಾಸಿಗೆ ಹಿಡಿದ ವರ್ಷ ನಾಲ್ಕಕ್ಕೆ ಏರಿತು. ತಾಯಿ ಎದ್ದು ಓಡಾಡಿದ ಮೇಲೆ ತಾನಾಗಿ ಇಳಿಯಿತು. ತಂಗಿಗೆ ಒಳ್ಳೆಯ ಕಡೆ ಸಂಬಂಧ ಕೂಡಿಬಂದಾಗ ಮತ್ತೆ ಏರಿತು. ಕೆಟ್ಟ ಸುದ್ದಿಗೆ ಏರಿದಂತೆ ಒಳ್ಳೆಯ ಸುದ್ದಿಗೂ ಏರುತ್ತಿತ್ತು. ಇದು ಅವನ ಹೆಂಡತಿಗೆ ಗೊತ್ತಿತ್ತು. ವ್ಯಾಪಾರಿಗೆ ಗೊತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಸೀರೆಯನ್ನು, ಮನುಷ್ಯನನ್ನಲ್ಲ.

ಒಂದು ಸಲ ಪರವೂರಿನ ದೊಡ್ಡ ಮನೆತನದವರು ಮದುವೆ ಸೀರೆ ಕೇಳಿದರು. ಹನ್ನೆರಡು ದಿನದ ಗಡುವು. ವ್ಯಾಪಾರಿ ಅದನ್ನು ಇದೇ ನೇಕಾರನಿಗೆ ಕೊಟ್ಟ. ಕೊಡುವಾಗ ಮಜೂರಿ ಹೆಚ್ಚಿಸಿದ. ಈ ಸೀರೆಯ ಮೇಲೆ ನನ್ನ ಮರ್ಯಾದೆ ನಿಂತಿದೆ ಎಂದೂ ಹೇಳಿದ. ಹುರುಪು ತುಂಬಿದೆ ಎಂದುಕೊಂಡು ಅಂಗಡಿಗೆ ಹೋದ.

ನೇಕಾರ ಕೊಂಡಿಗಳನ್ನು ಎರಡು ದಿನದಲ್ಲಿ ಸೇರಿಸಿದ. ಮೂರನೆಯ ದಿನ ಬೆರಳಾಡಿಸಿದ. ಮತ್ತೆ ಆಡಿಸಿದ. ಒಂದು ಕೊಂಡಿ ಜಾರಿದೆ, ತುಂಬಿದ ಸಭೆಯಲ್ಲಿ ಹುಡುಗಿಯ ಭುಜದ ಮೇಲೆ ಸೆರಗು ಬಿಚ್ಚಿಕೊಳ್ಳುತ್ತದೆ, ಮದುವೆ ಮುರಿಯುತ್ತದೆ, ಅದಕ್ಕೆ ತಾನೇ ಕಾರಣ ಎಂದು ಅವನ ತಲೆ ಹೇಳುತ್ತಿತ್ತು. ಇದು ಹುಚ್ಚು ಎಂದು ಅವನಿಗೂ ತಿಳಿದಿತ್ತು. ಹೆಂಡತಿಗೆ ಅವನೇ ಹಾಗೆಂದು ಹೇಳಿದ್ದ. ತಿಳಿದರೂ ಬೆರಳು ನಿಲ್ಲಲಿಲ್ಲ. ನಡುವೆ ಯಾರಾದರೂ ಮಾತನಾಡಿಸಿದರೆ ಎಲ್ಲಿಯವರೆಗೆ ನೋಡಿದ್ದೆ ಎಂಬುದು ಅವನಿಗೆ ತಪ್ಪಿಹೋಗುತ್ತಿತ್ತು. ಆಗ ಮತ್ತೆ ಮೊದಲನೆಯ ಎಳೆಯಿಂದ ಶುರು ಮಾಡಬೇಕಾಗುತ್ತಿತ್ತು.

ನಾಲ್ಕನೆಯ ದಿನ ವ್ಯಾಪಾರಿ ಒಬ್ಬ ಆಳನ್ನು ಕಳಿಸಿದ. ಎಲ್ಲಿಗೆ ಬಂತು ಎಂದು ಆಳು ಕೇಳಿದ. ಇನ್ನೂ ಮಗ್ಗಕ್ಕೆ ಕೂತಿಲ್ಲ ಎಂಬ ಉತ್ತರ ಹೋಯಿತು. ವ್ಯಾಪಾರಿಗೆ ನಂಬಿಕೆ ಬರಲಿಲ್ಲ. ಮಧ್ಯಾಹ್ನ ಮತ್ತೆ ಕಳಿಸಿದ. ಸಂಜೆ ಮತ್ತೊಮ್ಮೆ ಕಳಿಸಿದ. ಐದನೆಯ ದಿನವೂ ಹಾಗೆಯೇ.

ಇಲ್ಲಿ ಗುರುಗಳ ದನಿ ಏರಿತು. ವ್ಯಾಪಾರಿಗಳಿಗೆ ಒಂದು ಕೆಟ್ಟ ಗುಣ ಇರುತ್ತದೆ ಎಂದರು. ಎದುರಿನವನು ಉಸಿರುಗಟ್ಟಿ ಒದ್ದಾಡುತ್ತಿದ್ದರೂ ಇವನು ಚೌಕಾಸಿ ಮಾಡುತ್ತಿದ್ದಾನೆ ಎಂದೇ ಅವರಿಗೆ ಕಾಣುತ್ತದೆ ಎಂದರು. ಈ ವ್ಯಾಪಾರಿಗೂ ಹಾಗೆಯೇ ಕಂಡಿತು. ಸಣ್ಣ ಸೀರೆಗೆ ಇಲ್ಲದ ಕಾಯಿಲೆ ದೊಡ್ಡ ಸೀರೆಗೆ ಹೇಗೆ ಬರುತ್ತದೆ? ಗಡುವು ಹತ್ತಿರ ತಂದು ಮಜೂರಿ ಇನ್ನಷ್ಟು ಏರಿಸುವ ಆಟ ಇದು. ಹೀಗೆ ಲೆಕ್ಕ ಹಾಕಿ, ಬೇರೆಯವರ ಮೇಲೆ ನಡೆಯುವ ಮದ್ದನ್ನೇ ಇವನ ಮೇಲೂ ಪ್ರಯೋಗಿಸಿದ. ನಾಳೆ ಬೆಳಿಗ್ಗೆಯೊಳಗೆ ನೇಯ್ಗೆ ಶುರುವಾಗದಿದ್ದರೆ ಮಗ್ಗ ಎತ್ತಿಸುತ್ತೇನೆ ಎಂದು ಆರನೆಯ ದಿನ ಹೇಳಿ ಕಳಿಸಿದ.

ಏಳನೆಯ ದಿನ ಬೆಳಿಗ್ಗೆ ಗಾಡಿ ಹೂಡಿಸಿಕೊಂಡು ಇಬ್ಬರು ಆಳುಗಳ ಜೊತೆ ತಾನೇ ಬಂದ. ನೇಕಾರ ಎಳೆಗಳ ಮುಂದೆ ಕುಳಿತಿದ್ದ. ಬೆರಳ ತುದಿ ಸುಲಿದಿತ್ತು. ತಲೆ ಎತ್ತಲಿಲ್ಲ. ಅವನ ಹೆಂಡತಿ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಮಗ್ಗ ನಿಮ್ಮದು, ಎತ್ತಿಕೊಂಡು ಹೋಗ್ರಿ ಸಾಹುಕಾರ್ರೆ," ಎಂದಳು. "ಹೋಗೋ ಮೊದಲು ಒಂದು ಮಾತು ಕೇಳಿ ಹೋಗ್ರಿ. ಮೂರು ದಿನದಾಗ ನಿಮ್ಮ ಆಳು ಏಳು ಸಲ ಬಂದ. ಬಂದು ಬಾಯಿ ತೆಗೆದಾಗೊಮ್ಮೆ ಇವರು ಮೊದಲಿನಿಂದ ಶುರು ಮಾಡಿದರು. ಆರನೇ ಸಲಕ್ಕೆ ಮುಗಿಯೋದರಾಗ ಇತ್ತು. ಇನ್ನೊಂದು ಗೇಣು ಉಳಿದಿತ್ತು. ಆಗ ನಿಮ್ಮ ಬೆದರಿಕೆ ಬಂತು."

ವ್ಯಾಪಾರಿಗೆ ಆಳುಗಳ ಮುಂದೆ ಅವಮಾನವಾಯಿತು. "ನಾನು ಕೇಳದೇ ಬಿಟ್ಟರೆ ಈ ಮನೆಯಲ್ಲಿ ಕೆಲಸ ನಡೆಯುತ್ತದೇನು?" ಎಂದ.

"ಕೇಳಿದ್ದಕ್ಕೆ ನಡೀತೇನ್ರಿ?"

ಹಾಗಾದರೆ ಈ ಸೀರೆಯೇ ಬೇಡ, ನೂಲು ವಾಪಸ್ಸು ಕೊಡು, ನಿನ್ನ ಗಂಡ ಆರಾಮಾಗಿ ಮಲಗಲಿ ಎಂದು ಕುಟುಕಿದ. ಅದಕ್ಕೂ ಅವಳು ಒಪ್ಪಲಿಲ್ಲ. ಕೆಲಸ ಕಿತ್ತುಕೊಂಡರೆ ಈತನ ಕೈಯಲ್ಲಿ ಉಳಿಯುವುದು ಅನುಮಾನ ಒಂದೇ, ಅದನ್ನು ಹಿಡಿದುಕೊಂಡು ನಾನು ಸಂಸಾರ ಮಾಡಲಾರೆ ಎಂದಳು. ಗಡುವಿಗೆ ಉಳಿದ ದಿನಗಳನ್ನು ನಮಗೆ ಬಿಡಿ, ಆಳು ಬರಬಾರದು, ಹೇಳಿಕೆ ಬರಬಾರದು, ಈ ಓಣಿಯಲ್ಲಿ ನಿಮ್ಮ ನೆರಳೂ ಕಾಣಬಾರದು ಎಂದಳು.

ವ್ಯಾಪಾರಿ ಒಪ್ಪಿದ. ಕನಿಕರದಿಂದ ಒಪ್ಪಿದ ಎಂದು ತಿಳಿಯಬೇಡ. ಅಷ್ಟು ದಿನದಲ್ಲಿ ಆ ಸೀರೆ ಮುಗಿಸುವ ಇನ್ನೊಂದು ಕೈ ಊರಲ್ಲಿ ಇರಲಿಲ್ಲ. ಗಾಡಿಯನ್ನು ಖಾಲಿ ಹೊಡೆಸಿಕೊಂಡು ಹೋದ.

ಅವನು ಹೋದ ಮೇಲೆ ನೇಕಾರ ಹೆಂಡತಿಯನ್ನು ಕರೆದ. ಈ ಕೊಂಡಿ ಕೂಡಿದೆಯೋ ಇಲ್ಲವೋ ನೋಡು ಎಂದ. ಇಷ್ಟು ದಿನ ಕರೆದಾಗಲೆಲ್ಲ ಅವಳು ಬಂದು, ನೋಡಿ, ಕೂಡಿದೆ ಎನ್ನುತ್ತಿದ್ದಳು. ಅವಳು ಒಲೆಯ ಹತ್ತಿರ ತಿರುಗಿ ಹೋಗುವಷ್ಟರಲ್ಲಿ ಅವನು ಮತ್ತೆ ಕರೆಯುತ್ತಿದ್ದ. ಈ ಸಲ ಅವಳು ಬರಲಿಲ್ಲ. ಆಳಿನ ಬಾಯಿ ಮುಚ್ಚಿಸಿದೆ, ಇನ್ನು ನನ್ನ ಬಾಯಿಯನ್ನೂ ಮುಚ್ಚುತ್ತೇನೆ ಎಂದಳು. ನೇಕಾರ ಕೂಗಾಡಿದ. ಹುಡುಗಿಯ ಮದುವೆ ಮುರಿದರೆ ಆ ಪಾಪ ನಿನಗೂ ತಟ್ಟುತ್ತದೆ ಎಂದ. ಲಾಳಿ ಎತ್ತಿ ಗೋಡೆಗೆ ಎಸೆದ. ಅವಳಿಗೂ ಸಿಟ್ಟು ನೆತ್ತಿಗೇರಿತ್ತು. ಆದರೂ ಎದುರು ಕೂಗಲಿಲ್ಲ. ಲಾಳಿಯನ್ನು ಎತ್ತಿ ತಂದು ಮಗ್ಗದ ಮೇಲೆ ಇಟ್ಟು ಒಳಗೆ ಹೋದಳು.

ನೇಕಾರ ಇನ್ನೆರಡು ಸಲ ಬೆರಳಾಡಿಸಿದ. ಯಾರೂ ಬರಲಿಲ್ಲ, ಯಾರೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಗ್ಗಕ್ಕೆ ಕುಳಿತ. ಭಯ ಹೋಗಿತ್ತು ಎಂದುಕೊಳ್ಳಬೇಡ. ಭಯವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೇಯ್ದ. ಎದ್ದು ಹೋಗಿ ನೋಡಬೇಕೆಂದು ಗಳಿಗೆಗೊಮ್ಮೆ ಅನಿಸಿತು. ಕೆಲವು ಸಲ ಎದ್ದ, ಕೆಲವು ಸಲ ಏಳಲಿಲ್ಲ. ಏಳದ ಸಲಗಳು ದಿನ ಕಳೆದಂತೆ ಒಂದೊಂದಾಗಿ ಹೆಚ್ಚಿದವು.

ಇತ್ತ ವ್ಯಾಪಾರಿಯ ಪಾಡು ನೋಡುವಂತಿರಲಿಲ್ಲ. ಎರಡು ಸಲ ಓಣಿಯ ತಿರುವಿನವರೆಗೆ ಹೋಗಿ ತಿರುಗಿ ಬಂದ. ಆ ಓಣಿಯಿಂದ ಬಂದವರನ್ನೆಲ್ಲ ತಡೆದು ಮಗ್ಗದ ಸದ್ದು ಕೇಳಿತೇ ಎಂದು ವಿಚಾರಿಸಿದ. ಕೇಳಿತು ಎಂದರೆ ನಿಜವೇ ಎಂದ. ನಿಜ ಎಂದರೆ ಇನ್ನೊಬ್ಬರನ್ನು ಕೇಳಿದ. ಅಂಗಡಿಯಲ್ಲಿ ಕಂಡವರ ಮೇಲೆಲ್ಲ ಹರಿಹಾಯ್ದ.

ಸೀರೆ ಒಂದು ದಿನ ತಡವಾಗಿ ಬಂತು. ದೊಡ್ಡ ಮನೆತನದವರು ವ್ಯಾಪಾರಿಗೆ ಚೆನ್ನಾಗಿ ಉಗಿದರು, ಸೀರೆ ತೆಗೆದುಕೊಂಡರು. ಉಗಿಸಿಕೊಂಡ ಸಿಟ್ಟಿನಲ್ಲೇ ಅವನು ನೇಕಾರನ ಮನೆಗೆ ಬಂದು, ನಿನ್ನ ಗಂಡನ ಆ ಚಾಳಿ ಬಿಟ್ಟಿತೋ ಇಲ್ಲವೋ ಎಂದು ಕೇಳಿದ.

"ಈಗ ಇಳಿದೈತ್ರಿ," ಎಂದಳು ಹೆಂಡತಿ. "ದೊಡ್ಡ ಕೆಲಸ ಬಂದರೆ ಅದೂ ಬರುತ್ತೈತಿ. ಆಗ ನೀವು ಬರಬ್ಯಾಡ್ರಿ."

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು.

ಅಡಿವೆಪ್ಪನ ಸಿಟ್ಟು ಇಳಿದಿರಲಿಲ್ಲ, ದಿಕ್ಕು ತಪ್ಪಿತ್ತು. ಸೋಮವಾರದ ಮಾತು ಬಿಟ್ಟುಬಿಡುತ್ತೇನೆ, ತಮ್ಮ ಗಿರಣಿಯಲ್ಲೇ ಇರಲಿ ಎಂದ. ಸಾಲು ನಿಂತಾಗ ಅವನ ಬೆನ್ನ ಹಿಂದೆ ನಿಂತು ಕೂಗುವುದನ್ನೂ ನಿಲ್ಲಿಸುತ್ತೇನೆ ಎಂದ. ಎದ್ದು ನಮಸ್ಕಾರ ಮಾಡಿ ಬಾಗಿಲವರೆಗೆ ಹೋದ. ಅಲ್ಲಿಂದ ತಿರುಗಿ ಬಂದ.

"ಆದರೆ ಗುರುಗಳೇ, ನಾನು ಬಾಯಿ ಮುಚ್ಚಿಕೊಂಡರೆ ಅವನದು ಕಡಿಮೆ ಆಗುತ್ತದೆ, ಹೌದಲ್ಲವೇ? ಮುಂದಿನ ಹಬ್ಬಕ್ಕೆ ಮತ್ತೆ ಏಳುವುದಿಲ್ಲ, ಅಲ್ಲವೇ? ಖಚಿತವಾಗಿ ಒಂದು ಮಾತು ಹೇಳಿಬಿಡಿ. ಇದೊಂದು ಸಲ ಹೇಳಿ, ಆಮೇಲೆ ಕೇಳುವುದಿಲ್ಲ."

ಗುರುಗಳು ಅವನನ್ನು ನೋಡಿದರು.

"ಹಿಟ್ಟಿನ ಡಬ್ಬಿ ಹಿಡಿದುಕೊಂಡು ನಿನ್ನ ತಮ್ಮ ನಿನ್ನನ್ನು ಕೇಳುವುದೂ ಇದನ್ನೇ ಅಲ್ಲವೇನೋ?"