ಹಿತ್ತಲ ಕೊಳದ ತಾವರೆ ಮಹಿಮೆ

ಶ್ರೀ ಹಿತ್ತಲೇಶ್ವರ ಸ್ವಾಮಿಯ ಪಾದಕ್ಕೆ ನಮಸ್ಕರಿಸಿ, ಓದುವ ಭಕ್ತರಲ್ಲಿ ಮೊದಲೇ ಕ್ಷಮೆ ಕೇಳಿಕೊಳ್ಳಬೇಕು. ಈ ಮಹಿಮೆಯನ್ನು ಹಿರಿಯರು ಬಾಯಲ್ಲಿ ಹೇಳುತ್ತಿದ್ದಾಗ ಕೇಳಿದವರ ಮೈ ಜುಮ್ಮೆನ್ನುತ್ತಿತ್ತು. ಬರೆಯುವುದು ನನಗೆ ಇದೇ ಮೊದಲು. ಎಲ್ಲಿ ವಿವರಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂದು ತಿಳಿಯದೆ ಎಲ್ಲವನ್ನೂ ಬಿಡಿಸಿ ಹೇಳಿಬಿಟ್ಟಿದ್ದೇನೆ. ತಪ್ಪು ಕಂಡರೆ ಅದು ಬರೆದ ಕೈಯದು, ಸ್ವಾಮಿಯದಲ್ಲ.

ಕಲಿಯುಗವು ಇನ್ನೂ ಎಳೆಯದಾಗಿದ್ದ ಕಾಲದಲ್ಲಿ, ಹುಲ್ಲುಕಡ್ಡಿಯೂ ಚಿಗುರದ ಈ ಬೋಳುಗುಡ್ಡದ ನೆತ್ತಿಯಲ್ಲಿ, ಭಕ್ತವತ್ಸಲನಾದ ಪರಶಿವನು ಶಿಖರೇಶ್ವರನೆಂಬ ನಾಮಧೇಯದಿಂದ ಲಿಂಗರೂಪಿಯಾಗಿ ನೆಲೆಸಿದ್ದನು. ಗುಡ್ಡದ ಬುಡದಲ್ಲಿ ಹೂಗಾರರ ಒಂದು ಮನೆಯಿತ್ತು. ಹೂ ಬೆಳೆದು, ಮಾಲೆ ಕಟ್ಟಿ, ಗುಡಿಗೆ ಒಪ್ಪಿಸುವುದು ಆ ಮನೆಯ ವಂಶದ ಸೇವೆ. ದಿನವೂ ಸೂರ್ಯೋದಯಕ್ಕೆ ಹೂ ಗುಡ್ಡ ಹತ್ತಬೇಕು. ಒಂದು ದಿನ ತಪ್ಪಿದರೂ ಸೇವೆ ಬೇರೆ ಮನೆಗೆ ಹೋಗುತ್ತದೆ ಎಂಬುದು ಊರಿನ ಕಟ್ಟಳೆ. ಹೂಗಾರರಿಗೆ ಸೇವೆ ಹೋಯಿತೆಂದರೆ ಹೆಸರೇ ಹೋದಂತೆ.

ಆ ಮನೆಗೆ ಸೊಸೆಯಾಗಿ ಬಂದವಳು ಸೂಗವ್ವೆ. ಅವಳ ಗಂಡ ಬೊಪ್ಪಯ್ಯ ಮಾಲೆ ಕಟ್ಟುವುದರಲ್ಲಿ ನಿಪುಣ, ಆದರೆ ಅವನು ನೆಟ್ಟ ಗಿಡ ಬದುಕುತ್ತಿರಲಿಲ್ಲ. ಸೂಗವ್ವೆಯ ತವರಿನಲ್ಲಿ ಕೆರೆಯಿತ್ತು. ಮದುವೆಯಾಗಿ ಬರುವಾಗ ಅವಳು ತಾವರೆಯ ಗೆಡ್ಡೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದಳಂತೆ. ಮನೆಯ ಗೋಡೆಗೆಂದು ಮಣ್ಣು ತೆಗೆದ ಹಳ್ಳವೊಂದು ಹಿತ್ತಲಲ್ಲಿ ಹಾಗೇ ಬಿದ್ದಿತ್ತು. ಅದರ ತಳಕ್ಕೆ ಜೇಡಿಮಣ್ಣು ಮೆತ್ತಿ, ತುಳಿದು, ಹಳೆಯ ಗೊಬ್ಬರ ಬೆರೆಸಿದ ಕೆಸರಿನಲ್ಲಿ ಗೆಡ್ಡೆಗಳನ್ನು ಹೂತು, ಮಳೆಗಾಲದಲ್ಲಿ ನೀರು ತುಂಬಿಸಿದಳು. ತಾವರೆಯ ಮಗ್ಗುಲಿಗೆ ನೈದಿಲೆ ಬಂತು. ದಡದ ಸುತ್ತ ಮಲ್ಲಿಗೆ, ನಂದಿಬಟ್ಟಲು, ಕಣಗಿಲೆ ಎದ್ದವು. ಪಡುವಣ ಬಿಸಿಲು ನೀರಿಗೆ ಬೀಳದಂತೆ ಕೇದಗೆಯ ಮೆಳೆ ಬೆಳೆಸಿದಳು. ನೀರಿನ ಮೇಲೆ ತೇಲುವ ಅಂತರಗಂಗೆಯನ್ನು ಎಲ್ಲರೂ ಕಳೆಯೆಂದು ಕಿತ್ತೆಸೆಯುತ್ತಾರೆ. ಸೂಗವ್ವೆ ಅದನ್ನು ಕೊಳದ ಅರ್ಧದಷ್ಟು ಉಳಿಸುತ್ತಿದ್ದಳು. ಬೇಸಿಗೆಯಲ್ಲಿ ಅದು ನೀರಿಗೆ ಹೊದಿಕೆ.

ಕೆಲವು ವರ್ಷ ಹೀಗೆ ಸುಖವಾಗಿ ನಡೆಯಿತು. ಆಮೇಲೆ ಒಂದು ಬೇಸಿಗೆ ಬಂತು. ಗುಡ್ಡದ ಮೇಲಿನ ದೊಣೆ, ಎಂದರೆ ಬಂಡೆಯ ನಡುವೆ ಮಳೆನೀರು ನಿಲ್ಲುವ ಕುಳಿ, ಮಾಘದಲ್ಲೇ ತಳ ಕಂಡಿತು. ಸ್ವಾಮಿಯ ನೆತ್ತಿಗೆ ಹಗಲಿರುಳು ಹನಿ ಬೀಳಿಸುತ್ತಿದ್ದ ಧಾರಾಪಾತ್ರೆ ಬರಿದಾಗಿ ತೂಗಿತು. ಅರ್ಚಕನಾದ ಸೋಮಜೀಯನು ದಿನಕ್ಕೊಂದು ಗಿಂಡಿ ನೀರನ್ನು ಕೆಳಗಿನಿಂದ ಹೊತ್ತೊಯ್ದು, ಅದರಲ್ಲೇ ಸ್ವಾಮಿಗೆ ಅಭಿಷೇಕ ಮಾಡಿ, ಕೆಳಗೆ ಇಳಿದದ್ದನ್ನು ತೀರ್ಥವೆಂದು ಹಂಚುತ್ತಿದ್ದನು. ಊರಿನ ಬಾವಿಗೂ ಅಳತೆ ಬಂತು. ಕುಡಿಯಲು, ಅಡುಗೆಗೆ ಇಷ್ಟು ಎಂದು ಗೌಡನಾದ ಕೇತಗೌಡನು ಗೊತ್ತು ಮಾಡಿದನು. ಗಿಡಕ್ಕೆ ಒಂದು ಹನಿಯೂ ಇಲ್ಲ. ಒಂದೇ ವಿನಾಯಿತಿ: ಬಾಣಂತಿಯ ಮನೆಗೆ ನೀರು ತಡೆಯುವಂತಿಲ್ಲ. ಬಾಣಂತಿಗೂ ಕೂಸಿಗೂ ಎರೆಯುವ ನೀರನ್ನು ಲೆಕ್ಕ ಹಾಕಿದರೆ ಊರಿಗೆ ಕೇಡು ಎಂದು ಹಿಂದಿನವರು ಹೇಳಿದ್ದರು. ಈಗಲೂ ನಮ್ಮಲ್ಲಿ ಹಾಗೆಯೇ ನಂಬುತ್ತಾರೆ.

ಆ ಬೇಸಿಗೆಯಲ್ಲಿ ಊರಿಗೆಲ್ಲ ಒಬ್ಬಳೇ ಬಾಣಂತಿ. ಅವಳು ಸೂಗವ್ವೆಯ ನಾದಿನಿ, ಹೆರಿಗೆಗೆಂದು ತವರಿಗೆ ಬಂದಿದ್ದ ಚಿಕ್ಕಾಯಿ. ಅವಳಿಗೆ ಎರೆಯುತ್ತಿದ್ದವಳು ತಾಯಿ ಗುಂಡವ್ವೆ. ಗುಂಡವ್ವೆಗೆ ಕಿವಿ ಕೇಳಿಸುತ್ತಿರಲಿಲ್ಲ, ಕೈ ಮಾತ್ರ ಧಾರಾಳ. ಲಕ್ಕಿಸೊಪ್ಪು ಹಾಕಿ ಕುದಿಸಿದ ನೀರನ್ನು ಹಂಡೆಗಟ್ಟಲೆ ಮಗಳ ಬೆನ್ನಿಗೆ ಸುರಿದು, ಆಮೇಲೆ ಕೂಸನ್ನು ಕಾಲಮೇಲೆ ಹಾಕಿಕೊಂಡು ಇನ್ನಷ್ಟು ಸುರಿಯುತ್ತಿದ್ದಳು. ಆ ನೀರೆಲ್ಲ ಬಚ್ಚಲಿನಿಂದ ಓಣಿಗೆ ಹರಿದು, ಬಿಸಿಲಿಗೆ ಆರಿಹೋಗುತ್ತಿತ್ತು.

ಇತ್ತ ಕೊಳದಲ್ಲಿ ಕೆಸರು ಬಿರಿಯತೊಡಗಿತ್ತು. ನೈದಿಲೆಯ ಎಲೆ ಹಪ್ಪಳದಂತೆ ಮುರಿಯುತ್ತಿತ್ತು. ಸೂಗವ್ವೆ ಒಂದು ಗೆಡ್ಡೆಯನ್ನು ಕೆದಕಿ ನೋಡಿದಳು. ಅದರ ಮೂತಿಯಲ್ಲಿ ಇನ್ನೂ ಬಿಳಿಯ ಜೀವವಿತ್ತು. ಅಂದೇ ಗುದ್ದಲಿ ತೆಗೆದುಕೊಂಡು ಬಚ್ಚಲಿನಿಂದ ಕೊಳದವರೆಗೆ ಕಾಲುವೆ ತೋಡಿದಳು. ನೇರವಾಗಿ ಬಿಡದೆ, ಮೊದಲು ಕೆಸುವಿನ ಮಡಿಗೆ, ಅಲ್ಲಿಂದ ಮರಳಿಗೆ, ಮರಳಿನಿಂದ ಬಜೆಯ ಬೇರುಗಳಿಗೆ ಸುತ್ತಿಸಿ ಬಿಟ್ಟಳು. ಬೊಪ್ಪಯ್ಯನಿಗೂ ಹೇಳಿದಳು. ಅವನು ತಲೆ ಕೆರೆದುಕೊಂಡು, ಗೆಡ್ಡೆ ಉಳಿದರೆ ಸಾಕು, ಹೂ ಬಿಟ್ಟಾಗ ನೋಡಿಕೊಳ್ಳೋಣ ಎಂದನು.

ಹೂ ಬಿಟ್ಟೇ ಬಿಟ್ಟಿತು. ಊರಲ್ಲಿ ಕಣಗಿಲೆಯೂ ಒಣಗಿ ನಿಂತಾಗ ಆ ಹಿತ್ತಲಲ್ಲಿ ಕೆಂದಾವರೆ ಅರಳಿತು. ಗಂಡಹೆಂಡಿರು ದಡದಲ್ಲಿ ನಿಂತು ನೋಡಿದರೇ ಹೊರತು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊಯ್ಯದಿದ್ದರೆ ಸೇವೆ ಹೋಗುತ್ತದೆ. ಕೊಯ್ದರೆ, ಅದು ಏನು ಕುಡಿದ ಹೂವೆಂದು ಇಬ್ಬರಿಗೂ ಗೊತ್ತು. ಬೊಪ್ಪಯ್ಯ ಕೊಯ್ದನು. ಸೂಗವ್ವೆ ತಡೆಯಲಿಲ್ಲ. ಅಂದಿನಿಂದ ಗುಡ್ಡದ ಗಂಟೆ ಬಾರಿಸಿದಾಗಲೆಲ್ಲ ಅವಳ ಕೈಯ ಕೆಲಸ ನಿಂತುಹೋಗುತ್ತಿತ್ತು.

ವೈಶಾಖದ ಒಂದು ಬೆಳಗ್ಗೆ ಸೋಮಜೀಯನು ಗರ್ಭಗುಡಿಯಲ್ಲಿ ತಾವರೆಯ ಎಸಳುಗಳನ್ನು ಒಂದೊಂದಾಗಿ ಮಡಿಚುತ್ತಿದ್ದಾಗ, ಒಳಗಿನ ಎಸಳಿಗೆ ಅಂಟಿಕೊಂಡಿದ್ದ ಒಂದು ಬೆಂದ ಎಲೆಯನ್ನು ಕಂಡನು. ಅವನೂ ಹೆಣ್ಣುಮಕ್ಕಳ ಬಾಣಂತನ ಮಾಡಿಸಿದ ತಂದೆ. ನೋಡಿದೊಡನೆ ಗುರುತು ಹತ್ತಿತು. ಲಕ್ಕಿಸೊಪ್ಪನ್ನು ಬೇಯಿಸುವುದು ಬಾಣಂತಿಯ ನೀರಿಗೆ. ಅದೇ ಕೊಳದ ಹೂ ಆಗಲೇ ಸ್ವಾಮಿಯ ನೆತ್ತಿಯ ಮೇಲೂ ಇತ್ತು. ಅವನು ಬಾಗಿಲಿಗೆ ಬೀಗ ಹಾಕಿ, ಎಲೆಯನ್ನು ಕಡ್ಡಿಯ ತುದಿಯಲ್ಲಿ ಹಿಡಿದು, ಬರಿಗಾಲಲ್ಲಿ ಕಾದ ಬಂಡೆಯಿಳಿದು ಹೂಗಾರರ ಹಿತ್ತಲಿಗೆ ಬಂದನು. ಹಿಂದೆಯೇ ಗೌಡನೂ ಊರೂ ಬಂತು.

“ಸೂಗವ್ವೆ, ಇದು ಯಾವ ಸೊಪ್ಪು?”

“ಲಕ್ಕಿ, ಜೀಯರೇ.”

“ನಿನ್ನ ಹಿತ್ತಲಲ್ಲಿ ಲಕ್ಕಿಗಿಡ ಇದೆಯೇ?”

ಇದೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಸೂಗವ್ವೆಗೆ ಸುಳ್ಳು ಬಾಯಿಗೆ ಬರಲಿಲ್ಲ. “ಇಲ್ಲ. ಅದು ನಾದಿನಿಗೆ ಎರೆದ ನೀರಿನದು,” ಎಂದಳು.

ಕೇಳಿದವರಿಗೆ ಸಿಡಿಲು ಬಡಿದಂತಾಯಿತು. ಪುರುಡು, ಎಂದರೆ ಹೆರಿಗೆಯ ಮೈಲಿಗೆ, ಕಳೆಯುವ ಮೊದಲಿನ ನೀರೂ ಇದರಲ್ಲಿ ಸೇರಿತ್ತೆಂದು ಯಾರೋ ನೆನಪಿಸಿದಾಗ ಇನ್ನೊಬ್ಬರು ಕೊಳದಿಂದ ಹಿಂದೆ ಸರಿದರು. ಮುಂಜಾನೆ ತೀರ್ಥ ಕುಡಿದಿದ್ದ ಮುದುಕನೊಬ್ಬ ಗಂಟಲಿಗೆ ಬೆರಳು ಹಾಕಿಕೊಂಡು ಓಕರಿಸಿದನು. ನೆರೆಮನೆಯ ಕಾಟವ್ವೆ ಮೂಗಿಗೆ ಸೆರಗು ಹಿಡಿದು, “ತವರಿಂದ ತಾವರೆ ತಂದಳು ಎಂದು ಮೆರೆಸಿದಿರಿ. ಈಗ ದೇವರನ್ನೇ ಬಚ್ಚಲಿಗೆ ಇಳಿಸಿದಳು,” ಎಂದಳು. ಸೋಮಜೀಯನು ಮಾತ್ರ ತನ್ನ ಎರಡು ಅಂಗೈಗಳನ್ನೇ ನೋಡಿಕೊಳ್ಳುತ್ತ ನಿಂತಿದ್ದನು. ಬೇಸಿಗೆಯುದ್ದಕ್ಕೂ ಆ ಹೂಗಳನ್ನು ಏರಿಸಿದ ಕೈ ಅವು.

ಕೇತಗೌಡನ ತೀರ್ಪು ಬೇಗನೆ ಬಂತು. ಹೊತ್ತು ಇಳಿಯುವುದರೊಳಗೆ ಕೊಳ ಮುಚ್ಚಬೇಕು, ಹೂವಿನ ಸೇವೆ ಆ ಮನೆಯಿಂದ ಹೋಗಬೇಕು. ಗಂಡಸರು ಬುಟ್ಟಿಗಳಲ್ಲಿ ಮಣ್ಣು ಹೊತ್ತು ದಡದ ಸುತ್ತ ನಿಂತರು. ಬೊಪ್ಪಯ್ಯ ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟನು. ಸೂಗವ್ವೆ ತನ್ನ ತಾವರೆಗಳನ್ನು ನೋಡಿದಳು. ಅಂದು ಬಿರಿಯಬೇಕಾದ ಮೊಗ್ಗುಗಳು ಆಗಲೇ ತುಟಿ ಬಿಚ್ಚಿದ್ದವು. ಕ್ಷಮೆ ಕೇಳಿದರೆ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಬೇರೆಯದನ್ನು ಕೇಳಿದಳು.

“ಅಪ್ಪಾ, ಒಳಗೆ ಅತ್ತೆ ಕೂಸಿಗೆ ಎರೆಯುತ್ತಿದ್ದಾರೆ. ಈಗ ಕಾಲುವೆ ಮುಚ್ಚಿದರೆ ನೀರು ಹಿಂದಕ್ಕೆ ನುಗ್ಗಿ ಬಾಣಂತಿಯ ಕಾಲ ಬುಡದಲ್ಲಿ ನಿಲ್ಲುತ್ತದೆ. ಎರೆಯುವುದು ಮುಗಿಯಲಿ. ಆಮೇಲೆ ಮಣ್ಣು ಹಾಕಿ.”

ಬಾಣಂತಿಗೆ ತೊಂದರೆ ಮಾಡಲು ಯಾರಿಗೂ ಧೈರ್ಯವಿರಲಿಲ್ಲ. ಊರಿಗೂರೇ ಮಣ್ಣಿನ ಬುಟ್ಟಿ ಹೊತ್ತು, ನಡು ಬಿಸಿಲಲ್ಲಿ, ಒಂದು ಕೂಸಿನ ಸ್ನಾನ ಮುಗಿಯಲೆಂದು ಕಾಯಿತು. ಗುಂಡವ್ವೆಗೆ ಹೊರಗಿನ ಗಲಾಟೆ ಕೇಳಿಸಿರಲಿಲ್ಲ. ಕೂಸಿನ ಮೂಗು ಉದ್ದವಾಗಲಿ, ಕಿವಿ ಅಗಲವಾಗಲಿ ಎಂದು ಹರಸುತ್ತ ನೀರು ಹೊಯ್ಯುತ್ತಲೇ ಇದ್ದಳು. ಇಷ್ಟು ಹೊತ್ತು ಆನೆಮರಿಗೂ ಎರೆಯುವುದಿಲ್ಲವೆಂದು ಬುಟ್ಟಿ ಹೊತ್ತವನೊಬ್ಬ ಗೊಣಗಿದನು.

ಆಗ ಸೂಗವ್ವೆಗೆ ಒಂದು ಸದ್ದು ಕೇಳಿಸಿತು. ಇದನ್ನು ಸರಿಯಾಗಿ ಹೇಳಬೇಕು. ಕಾಲುವೆಯ ನೀರು ಕೊಳಕ್ಕೆ ಬೀಳುವ ಜಾಗದಲ್ಲಿ ಇದ್ದದ್ದು ಕೆಸರು ಮತ್ತು ಎಲೆ. ಅಲ್ಲಿ ನೀರು ಬಿದ್ದರೆ ಮೆತ್ತನೆಯ ಸದ್ದು. ಈಗ ನೀರು ಕಲ್ಲಿನ ಮೇಲೆ ಬೀಳುತ್ತಿರುವಂತೆ ಕೇಳಿಸಿತು. ಆ ಕೊಳಕ್ಕೆ ಅವಳು ಒಂದು ಬೆಣಚುಕಲ್ಲನ್ನೂ ಬಿಟ್ಟಿರಲಿಲ್ಲ, ಗೆಡ್ಡೆಗೆ ನೋವಾಗುತ್ತದೆಂದು. ಅವಳು ಮೊಣಕಾಲುದ್ದ ನೀರಿಗಿಳಿದು, ಬಜೆಯ ಎಲೆಗಳನ್ನು ಸರಿಸಿ ನೋಡಿದಳು.

ಕಾಲುವೆಯ ಬಾಯಿಗೆ ನೆತ್ತಿಯೊಡ್ಡಿಕೊಂಡು, ಕತ್ತಿನವರೆಗೆ ನೀರಿನಲ್ಲಿ ಮುಳುಗಿ, ಕರಿಯ ಲಿಂಗವೊಂದು ನಿಂತಿತ್ತು. ಅದರ ಮೇಲೆ ಅಂದು ಬೆಳಗ್ಗೆ ಬೊಪ್ಪಯ್ಯ ಕಟ್ಟಿದ್ದ ಮಲ್ಲಿಗೆಯ ಮಾಲೆ. ಎಡಮೈಯಲ್ಲಿ, ಶಿಖರೇಶ್ವರನಿಗೆ ಇದ್ದಂತೆಯೇ, ಉಗುರಿನಷ್ಟು ಅರ್ಧಚಂದ್ರದ ಗುರುತು. ಸೋಮಜೀಯನ ಕೈ ತಾನೇ ತಾನಾಗಿ ಸೊಂಟಕ್ಕೆ ಹೋಯಿತು. ಬೀಗದ ಕೈ ಅಲ್ಲೇ ಇತ್ತು. ಅದನ್ನು ಕಿತ್ತುಕೊಂಡು ಗುಡ್ಡಕ್ಕೆ ಓಡಿದವರು ಹಾಕಿದ ಬೀಗವನ್ನು ತೆರೆದು ನೋಡಿದರೆ ಪೀಠ ಬರಿದಾಗಿತ್ತು. ಅವರು ಮೇಲಿನಿಂದಲೇ ಇಲ್ಲವೆಂದು ಕೈಯಾಡಿಸಿದರು. ಕೆಳಗಿದ್ದವರ ತಲೆಯ ಮೇಲಿನ ಬುಟ್ಟಿಗಳು ನಡುಗಿ, ಮಣ್ಣು ಅವರವರ ಭುಜದ ಮೇಲೆಯೇ ಉದುರಿತು. ಆಗ ತಾವರೆಗಳ ನಡುವಿನಿಂದ ಧ್ವನಿಯೊಂದು ಕೇಳಿಸಿತು:

“ನಾನು ಮಿಂದ ನೀರನ್ನು ಬೊಗಸೆಯೊಡ್ಡಿ ಕುಡಿಯುವವರೇ, ನೀವು ಮಿಂದ ನೀರನ್ನು ಕುಡಿದ ಹೂವು ನನಗೆ ಮೈಲಿಗೆಯೇ? ಗುಡ್ಡದ ಮೇಲೆ ನನ್ನ ನೆತ್ತಿ ಕಾದಿತ್ತು. ಈ ಕೂಸಿನ ಜೊತೆಯಲ್ಲಿ ನಾನೂ ಮೀಯುತ್ತಿದ್ದೇನೆ. ಮಣ್ಣು ಹಾಕುವುದಾದರೆ ಮೊದಲು ನನ್ನ ತಲೆಗೆ ಹಾಕಿ.”

ಸೋಮಜೀಯನು ಕೊಳಕ್ಕಿಳಿದು, ಲಿಂಗದಿಂದ ಹರಿದಿಳಿಯುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದನು. ಕಣ್ಣು ಮುಚ್ಚಿ ಕುಡಿದನು. ಆಮೇಲೆ ಇನ್ನೊಂದು ಬೊಗಸೆ ಹಿಡಿದು ಸೂಗವ್ವೆಯ ಅಂಗೈಗೆ ಹಾಕಿ, “ನಾಳೆಯ ಹೂ ಎಲ್ಲಿಗೂ ಹೊರುವುದು ಬೇಡ ತಾಯಿ. ಇಲ್ಲೇ ಏರಿಸು,” ಎಂದನು.

ಅಷ್ಟರಲ್ಲಿ ಎರೆದು ಮುಗಿಸಿದ ಗುಂಡವ್ವೆ, ಒದ್ದೆ ಸೆರಗು ಹಿಂಡುತ್ತ ಹೊರಗೆ ಬಂದು, ಹಿತ್ತಲ ತುಂಬ ಸಾಷ್ಟಾಂಗ ಬಿದ್ದಿದ್ದ ಊರನ್ನು ನೋಡಿ, “ಬಾಣಂತಿ ಇರುವ ಮನೆ, ಇಷ್ಟೊಂದು ಗಂಡಸರು ಹಿತ್ತಲಿಗೆ ಯಾಕೆ ಬಂದಿರಿ?” ಎಂದು ಗದರಿದಳು. ತಂದ ಮಣ್ಣನ್ನು ದಡಕ್ಕೆ ಹಾಕಿ ಏರಿ ಕಟ್ಟಿ ಎಲ್ಲರೂ ಹೊರಟುಹೋದರು.

ಸ್ವಾಮಿಯನ್ನು ಮತ್ತೆ ಗುಡ್ಡಕ್ಕೆ ಒಯ್ಯಲು ಮಾಡಿದ ಪ್ರಯತ್ನಗಳೆಲ್ಲ ವ್ಯರ್ಥವಾದವು. ಶಿಖರೇಶ್ವರನೆಂಬ ಹೆಸರು ಬಿಟ್ಟುಹೋಗಿ ಹಿತ್ತಲೇಶ್ವರನೆಂಬುದೇ ನಿಂತಿತು. ಗುಡ್ಡದ ಮೇಲಿನ ಬರಿದಾದ ಪೀಠವನ್ನೂ, ಕೆಳಗೆ ಸೂಗವ್ವೆ ತೋಡಿದ ಕಾಲುವೆಯನ್ನೂ, ಅಂದು ಕಟ್ಟಿದ ಏರಿಯನ್ನೂ ಭಕ್ತರು ಈಗಲೂ ನೋಡಬಹುದು. ಏರಿಯ ಮೇಲೆ ನಿಂತರೆ ತಾವರೆ ಎಡಕ್ಕೆ, ನೈದಿಲೆ ಬಲಕ್ಕೆ. ಚೈತ್ರ ವೈಶಾಖಗಳಲ್ಲಿ ಸುತ್ತಲ ಊರುಗಳ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದು, ಇಲ್ಲಿನ ಕಲ್ಲಿನ ಬಚ್ಚಲಲ್ಲಿ ಎರೆಯುತ್ತಾರೆ. ಆ ನೀರು ಇಳಿದು ಸ್ವಾಮಿಯ ನೆತ್ತಿಗೆ ಬೀಳುವವರೆಗೆ ದಿನದ ಪೂಜೆ ಆರಂಭವಾಗುವುದಿಲ್ಲ.

ಬಚ್ಚಲ ನೀರು ಸೇರುವ ಕೊಳ ಇಷ್ಟು ತಿಳಿಯಾಗಿರುವುದು ಹೇಗೆ ಎಂದು ಕೆಲವರು ಕೇಳುವುದುಂಟು. ಅದಕ್ಕೆ ಕಾರಣಗಳನ್ನು ಹೇಳಬೇಕು. ಮೊದಲನೆಯದು ಕೆಸುವಿನ ಮಡಿ. ಕೆಸುವಿನ ಬೇರು ಮೈಗೆ ಉಜ್ಜಿದ ಹಿಟ್ಟು, ಎಣ್ಣೆಯ ಜಿಡ್ಡು ಎಲ್ಲವನ್ನೂ ತಡೆದು ತಾನು ತಿನ್ನುತ್ತದೆ. ಎರಡನೆಯದು ಮರಳು. ಮರಳನ್ನು ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹರಡಬೇಕು, ಇಲ್ಲದಿದ್ದರೆ ವಾಸನೆ ಹಿಡಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಅದೇನೆಂದರೆ, ನೀರು ಬಜೆಯ ಬೇರನ್ನು ದಾಟುವಾಗ

ಭಕ್ತರು ಮನ್ನಿಸಬೇಕು. ಬಚ್ಚಲಿನಿಂದ, ಇಲ್ಲಿ ಕೂಸುಗಳಿಗೆ ಎರೆಯುವ ನಂಜಕ್ಕನವರು ಕರೆಯುತ್ತಿದ್ದಾರೆ. ದೂರದ ಊರಿನಿಂದ ಒಂದು ಕೂಸು ಬಂದಿದೆಯಂತೆ, ಹಂಡೆಯ ನೀರು ಕಾದಿದೆಯಂತೆ, ತೋಡಿ ಕೊಡುವವರು ಇಲ್ಲವಂತೆ. ಸ್ವಾಮಿಗೆ ಇನ್ನೂ ಸ್ನಾನವಾಗಿಲ್ಲ.